ಕ್ಲಾಸಿಕ್ 350ಕ್ಕೆ ಬೇರೆ ಸೈಲೆನ್ಸರ್: ಗಂಭೀರ ಸದ್ದು ಬೇರೆ, ಜೋರು ಸದ್ದು ಬೇರೆ

ಪ್ರಶ್ನೆ: ಸರ್, ನನ್ನ ಹತ್ತಿರ 2022ರ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಇದೆ. ಊರು ಹಾಸನ. ದಿನಾ ಕೆಲಸಕ್ಕೆ 4 ಕಿ.ಮೀ. ಓಡಾಟ, ಭಾನುವಾರ ಸಕಲೇಶಪುರದ ಕಡೆ ಹೋಗುತ್ತೇನೆ. ಗಾಡಿ ಚೆನ್ನಾಗಿದೆ. ಆದರೆ ನಮ್ಮಪ್ಪನ ಹಳೇ ಬುಲೆಟ್ಟಿನ ಆ 'ಡುಗ್ ಡುಗ್' ಇದರಲ್ಲಿ ಇಲ್ಲ. ಬೆಂಗಳೂರಿನ ಅಂಗಡಿಯೊಂದರಲ್ಲಿ ಶಾರ್ಟ್ ಬಾಟಲ್ ಅನ್ನುವ ಗಿಡ್ಡ ಸೈಲೆನ್ಸರ್ ತೋರಿಸಿ "ಅರ್ಧ ಗಂಟೆ ಕೆಲಸ, ಪವರ್ ಕೂಡ ಜಾಸ್ತಿ ಆಗುತ್ತೆ" ಅಂದರು. ಗೆಳೆಯ ಹಾಗೇ ಹಾಕಿಸಿದ. ಈಗ ಅವನ ಗಾಡಿ ಥ್ರಾಟಲ್ ಬಿಟ್ಟಾಗಲೆಲ್ಲ ಪಟಪಟ ಅನ್ನುತ್ತದೆ, ಮೈಲೇಜ್ ಇಳಿದಿದೆ. ನಾನು ಹಾಕಿಸಬಹುದಾ? ಯಾವುದು ತಗೊಳ್ಳಲಿ? ನಾನೇ ಫಿಟ್ ಮಾಡಿಕೊಳ್ಳಬಹುದಾ? ಪೊಲೀಸರು ಹಿಡಿದರೆ ಏನಾಗುತ್ತದೆ?

ಉತ್ತರ: ನೀವು ಕೇಳಿರುವುದು 'ಡುಗ್ ಡುಗ್'. ಅಂಗಡಿಯವರು ತೋರಿಸಿದ್ದು ಜೋರು ಸದ್ದು. ಇವೆರಡೂ ಒಂದೇ ಅಂದುಕೊಂಡು ದುಡ್ಡು ಕಳೆದುಕೊಳ್ಳುವವರೇ ಜಾಸ್ತಿ. ಹಾಗಾಗಿ ಮೊದಲು ಸದ್ದಿನ ವಿಷಯ ಮಾತಾಡೋಣ. ಪೊಲೀಸು, ಫಿಟ್ಟಿಂಗು ಎಲ್ಲ ಆಮೇಲೆ.

ಸಿಂಗಲ್ ಸಿಲಿಂಡರ್ ಫೋರ್‌ಸ್ಟ್ರೋಕ್ ಇಂಜಿನ್ ಎರಡು ಸುತ್ತಿಗೆ ಒಂದು ಸಲ ಸಿಡಿಯುತ್ತದೆ. ನಿಮಿಷಕ್ಕೆ 1,000 ಸುತ್ತು ತಿರುಗುತ್ತಿದ್ದರೆ 500 ಸಿಡಿತ, ಅಂದರೆ ಸೆಕೆಂಡಿಗೆ 8ಕ್ಕಿಂತ ಸ್ವಲ್ಪ ಜಾಸ್ತಿ. ಅದೇ 700 ಸುತ್ತಿಗೆ ಇಳಿಸಿದರೆ ಸೆಕೆಂಡಿಗೆ 6ರ ಹತ್ತಿರ ಬರುತ್ತದೆ. ಆಗ ಒಂದೊಂದು ಬಡಿತವೂ ಬಿಡಿಬಿಡಿಯಾಗಿ ಕೇಳುತ್ತದೆ. ಹಳೇ ಬುಲೆಟ್ಟುಗಳಲ್ಲಿ ಮೆಕ್ಯಾನಿಕ್‌ಗಳು ಕಾರ್ಬುರೇಟರಿನ ಸ್ಕ್ರೂ ತಿರುಗಿಸಿ ಐಡ್ಲಿಂಗ್ ಅನ್ನು, ಅಂದರೆ ಥ್ರಾಟಲ್ ಕೊಡದೆ ನಿಂತಾಗಿನ ಸುತ್ತನ್ನು, ಆದಷ್ಟು ಕೆಳಗೆ ಕೂರಿಸುತ್ತಿದ್ದರು. ಭಾರದ ಫ್ಲೈವೀಲ್ ಇದ್ದುದರಿಂದ ಇಂಜಿನ್ ಅಷ್ಟು ನಿಧಾನವಾಗಿ ತಿರುಗಿದರೂ ನಿಲ್ಲುತ್ತಿರಲಿಲ್ಲ. ಆ ಇಂಜಿನ್ನಿನ ಬೋರ್ (ಸಿಲಿಂಡರಿನ ಅಗಲ) 70 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 90 ಮಿ.ಮೀ. ನಿಮ್ಮ 2022ರ ಗಾಡಿಯದು ಜೆ-ಸೀರೀಸ್ ಇಂಜಿನ್. 72 ಮಿ.ಮೀ. ಬೋರ್, 85.8 ಮಿ.ಮೀ. ಸ್ಟ್ರೋಕ್, ಒಳಗೆ ನಡುಕ ತಡೆಯಲು ಬ್ಯಾಲೆನ್ಸರ್ ಶಾಫ್ಟ್ ಬೇರೆ. ಐಡ್ಲಿಂಗ್ ಅನ್ನು ಇಸಿಯು (ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಒಂದೇ ಹದದಲ್ಲಿ ಹಿಡಿದಿಡುತ್ತದೆ, ಸ್ಕ್ರೂ ತಿರುಗಿಸಿ ಇಳಿಸುವ ಹಾಗಿಲ್ಲ. ನಿಮ್ಮ ತಂದೆಯವರ ಗಾಡಿಯ ಸದ್ದಿನಲ್ಲಿ ಅರ್ಧಕ್ಕಿಂತ ಜಾಸ್ತಿ ಪಾಲು ಇಂಜಿನ್ನಿನದೇ ಆಗಿತ್ತು. ಅದನ್ನು ಯಾವ ಸೈಲೆನ್ಸರೂ ತಂದುಕೊಡಲಾರದು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಆದರೆ ಉಳಿದ ಪಾಲಿನಲ್ಲಿ ಸೈಲೆನ್ಸರಿಗೆ ಕೆಲಸ ಇದೆ. ಎಕ್ಸಾಸ್ಟಿನಿಂದ ಹೊರಬರುವ ಸದ್ದಿನಲ್ಲಿ ಎರಡು ಭಾಗ. ಒಂದು, ಕೆಳಸ್ಥಾಯಿಯ ಬಡಿತ. ಇನ್ನೊಂದು, ಅದರ ಮೇಲೆ ಕೂತಿರುವ ಕರ್ಕಶವಾದ ಚರಚರ. ಕಂಪನಿ ಸೈಲೆನ್ಸರ್ ಒಳಗೆ ಕೋಣೆ ಕೋಣೆಗಳಾಗಿ ತಗಡಿನ ಅಡ್ಡಗೋಡೆ ಇರುತ್ತದೆ. ಗ್ಯಾಸ್ ಆ ಕಡೆ ಈ ಕಡೆ ತಿರುಗಿ ಹೋಗುವಾಗ ಎರಡೂ ಭಾಗ ತಗ್ಗುತ್ತವೆ. ಹೊರಗಿನ ಸೈಲೆನ್ಸರ್‌ಗಳಲ್ಲಿ ಸಾಮಾನ್ಯವಾಗಿ ನೇರ ಪೈಪು, ಅದರ ತುಂಬ ತೂತು, ಸುತ್ತ ಗ್ಲಾಸ್ ವುಲ್ (ಹತ್ತಿಯಂಥ ಗಾಜಿನ ನಾರು). ಈ ಗ್ಲಾಸ್ ವುಲ್ ಚರಚರ ಸದ್ದನ್ನು ಚೆನ್ನಾಗಿ ಹೀರುತ್ತದೆ, ಬಡಿತವನ್ನು ಅಷ್ಟಾಗಿ ಹೀರುವುದಿಲ್ಲ. ನಿಮಗೆ ಬೇಕಿರುವುದೂ ಅದೇ ಅಲ್ವಾ? ಹಾಗಾದರೆ ಉದ್ದನೆಯ ಬಾಡಿ, ದಪ್ಪ ಗ್ಲಾಸ್ ವುಲ್, ಕೊನೆಯಲ್ಲಿ ಡಿಬಿ ಕಿಲ್ಲರ್ (ಸದ್ದು ತಗ್ಗಿಸಲು ಬಾಯಿಗೆ ಕೂರಿಸುವ ತುಂಡು) ಇರುವ ಸೈಲೆನ್ಸರ್ ಬೇಕು. ಶಾರ್ಟ್ ಬಾಟಲ್‌ನಲ್ಲಿ ಗ್ಲಾಸ್ ವುಲ್ ತುಂಬಲು ಜಾಗವೇ ಇರುವುದಿಲ್ಲ. ಇಂದೋರಿ, ಪಂಜಾಬ್, ಮೆಗಾಫೋನ್ ಎಂಬ ಹೆಸರಿನಲ್ಲಿ ಸಿಗುವ ಅಗ್ಗದ ಮಾಲಿನಲ್ಲೂ ಎಷ್ಟೋ ಸಲ ಒಳಗೆ ಬರೀ ಪೈಪು ಇರುತ್ತದೆ. ಅಂಥದ್ದು ಅಂಗಡಿ ಮುಂದೆ ಐಡ್ಲಿಂಗ್‌ನಲ್ಲಿ ಚೆನ್ನಾಗಿ ಕೇಳುತ್ತದೆ. ರಸ್ತೆಯಲ್ಲಿ 60ರ ವೇಗದಲ್ಲಿ ಹೋಗುವಾಗ ತಲೆನೋವು ತರುತ್ತದೆ.

ಪವರ್ ವಿಷಯ ಬೇಗ ಮುಗಿಸುತ್ತೇನೆ. ನಿಮ್ಮ ಇಂಜಿನ್ 6,100 ಆರ್‌ಪಿಎಂನಲ್ಲಿ 20.2 ಬಿಎಚ್‌ಪಿ, 4,000ದಲ್ಲಿ 27 ನ್ಯೂಟನ್ ಮೀಟರ್ ಟಾರ್ಕ್ ಕೊಡುತ್ತದೆ. ಅದರ ಮಿತಿ ಇರುವುದು ಕ್ಯಾಮ್‌ನಲ್ಲಿ, ವಾಲ್ವ್‌ಗಳಲ್ಲಿ, 9.5:1 ಕಂಪ್ರೆಷನ್‌ನಲ್ಲಿ. ಹಿಂದಿನ ಡಬ್ಬಿ ಬದಲಿಸಿದ ಮಾತ್ರಕ್ಕೆ ಗಮನಕ್ಕೆ ಬರುವಷ್ಟು ಪವರ್ ಬರುವುದಿಲ್ಲ. ಸದ್ದು ಜಾಸ್ತಿಯಾದರೆ ವೇಗ ಜಾಸ್ತಿಯಾದಂತೆ ಅನ್ನಿಸುತ್ತದೆ, ಅಷ್ಟೇ. "ಇಂಜಿನ್ನಿಗೆ ಬ್ಯಾಕ್ ಪ್ರೆಷರ್ ಬೇಕು" (ಅಂದರೆ ಹೊಗೆ ಹೊರಹೋಗಲು ಸ್ವಲ್ಪ ತಡೆ ಇರಬೇಕು) ಎಂಬ ಮಾತೂ ಪೂರ್ತಿ ಸರಿಯಲ್ಲ. ಇಂಜಿನ್ನಿಗೆ ಬೇಕಿರುವುದು ಪೈಪಿನಲ್ಲಿ ಗ್ಯಾಸಿನ ವೇಗ. ಒಂದು ಸಿಡಿತದ ಗ್ಯಾಸ್ ವೇಗವಾಗಿ ಹೊರಗೆ ಓಡಿದರೆ ಅದರ ಹಿಂದೆ ಒತ್ತಡ ತಗ್ಗಿ ಸಿಲಿಂಡರಿನಲ್ಲಿ ಉಳಿದ ಹೊಗೆಯನ್ನೂ ಎಳೆದುಕೊಳ್ಳುತ್ತದೆ. ಪೈಪು ಬೇಕಾದ್ದಕ್ಕಿಂತ ಅಗಲವಾದರೆ ಆ ವೇಗ ಸಾಯುತ್ತದೆ. ಆಗ ಕೆಳಗಿನ ಆರ್‌ಪಿಎಂನಲ್ಲಿ ಎಳೆತ ಕಡಿಮೆ. ಶಿರಾಡಿ ಘಾಟ್‌ನಲ್ಲಿ ಹಿಂದೆ ಒಬ್ಬರನ್ನು ಕೂರಿಸಿಕೊಂಡು ಹತ್ತುವಾಗ ನಿಮಗೆ ಬೇಕಾಗುವುದು ಆ ಕೆಳಗಿನ ಎಳೆತವೇ.

ಈಗ ನಿಮ್ಮ ಗೆಳೆಯನ ಗಾಡಿ. ಪಟಪಟ ಸದ್ದು, ಮೈಲೇಜ್ ಇಳಿತ ಎರಡೂ ಒಟ್ಟಿಗೆ ಬಂದಿವೆ ಎಂದರೆ ನನ್ನ ಅನುಮಾನ ಸೈಲೆನ್ಸರಿನ ಮೇಲಲ್ಲ, ಅದು ಪೈಪಿಗೆ ಸೇರುವ ಜಾಯಿಂಟಿನ ಮೇಲೆ. ಥ್ರಾಟಲ್ ಬಿಟ್ಟಾಗ ಎಕ್ಸಾಸ್ಟ್ ಪೈಪಿನ ಒಳಗೆ ಕ್ಷಣಕ್ಷಣಕ್ಕೂ ಒತ್ತಡ ಇಳಿಯುತ್ತದೆ. ಜಾಯಿಂಟು ಸರಿಯಾಗಿ ಕೂತಿಲ್ಲದಿದ್ದರೆ ಆ ಸಂದಿಯಿಂದ ಹೊರಗಿನ ಗಾಳಿ ಒಳನುಗ್ಗುತ್ತದೆ. ಪೈಪಿನಲ್ಲಿ ಸುಡದೆ ಉಳಿದ ಪೆಟ್ರೋಲ್ ಆವಿ ಆ ಗಾಳಿ ಸೇರಿ ಅಲ್ಲೇ ಸಿಡಿಯುತ್ತದೆ. ಅದೇ ಪಟಪಟ. ಇಷ್ಟೇ ಆದರೆ ಬರೀ ಕಿರಿಕಿರಿ. ಆದರೆ ಸೋರಿಕೆ ಆಕ್ಸಿಜನ್ ಸೆನ್ಸರಿಗಿಂತ (ಹೊಗೆಯಲ್ಲಿ ಉಳಿದ ಆಮ್ಲಜನಕ ಅಳೆಯುವ ಸಾಧನ) ಮುಂಚೆಯೋ ಅದರ ಪಕ್ಕದಲ್ಲೋ ಇದ್ದರೆ ಒಳಬಂದ ಗಾಳಿಯನ್ನು ಸೆನ್ಸರ್ ಕೂಡ ನೋಡುತ್ತದೆ. ಪೆಟ್ರೋಲ್ ಕಡಿಮೆಯಾಯಿತು ಅಂದುಕೊಂಡು ಇಸಿಯು ಇನ್ನಷ್ಟು ಪೆಟ್ರೋಲ್ ಸುರಿಯುತ್ತದೆ. ಮೈಲೇಜ್ ಇಳಿಯುವುದು ಹೀಗೆ. ಇದಕ್ಕೆ ಫ್ಯೂಯಲ್ ಬಾಕ್ಸ್ (ಪೆಟ್ರೋಲ್ ಪ್ರಮಾಣ ಬದಲಿಸುವ ಪೆಟ್ಟಿಗೆ) ಹಾಕಿಸಿ, ರೀಮ್ಯಾಪ್ (ಇಸಿಯು ಲೆಕ್ಕ ಬದಲಿಸುವುದು) ಮಾಡಿಸಿ ಎಂದು ಸಾವಿರಾರು ರೂಪಾಯಿ ಖರ್ಚು ಮಾಡಿಸುವವರಿದ್ದಾರೆ. ಅದಕ್ಕೂ ಮೊದಲು ಹೊಸ ಗ್ಯಾಸ್ಕೆಟ್ (ಜಾಯಿಂಟಿನ ಸಂದಿ ಮುಚ್ಚುವ ಬಳೆ) ಹಾಕಿ, ಕ್ಲಾಂಪ್ ಬಿಗಿ ಮಾಡಿ ನೋಡಲು ಅವನಿಗೆ ಹೇಳಿ. ಜಾಯಿಂಟಿನ ಸುತ್ತ ಕಪ್ಪು ಮಸಿಯ ಗೆರೆ ಕಂಡರೆ ಸೋರಿಕೆ ಅಲ್ಲೇ ಇದೆ.

ಅಂದರೆ ರೀಮ್ಯಾಪ್ ಬೇಡವೇ? ಇಂಜಿನ್ನಿನಿಂದ ಸೈಲೆನ್ಸರಿಗೆ ಬರುವ ಬೆಂಡ್ ಪೈಪ್ ಹಾಗೇ ಇಟ್ಟು ಹಿಂದಿನ ಸೈಲೆನ್ಸರ್ ಮಾತ್ರ ಬದಲಿಸುವುದಾದರೆ ಈ ಗಾಡಿಗೆ ಬೇಡ. ಐಡ್ಲಿಂಗ್‌ನಲ್ಲಿ, ಒಂದೇ ವೇಗದಲ್ಲಿ ಹೋಗುವಾಗ ಇಸಿಯು ಸೆನ್ಸರಿನ ಮಾತು ಕೇಳಿ ತಾನೇ ಹೊಂದಿಸಿಕೊಳ್ಳುತ್ತದೆ. ಪೂರ್ತಿ ಥ್ರಾಟಲ್ ಕೊಟ್ಟಾಗ ಮಾತ್ರ ಸೆನ್ಸರ್ ಬಿಟ್ಟು ಮೊದಲೇ ಬರೆದಿಟ್ಟ ಲೆಕ್ಕದಂತೆ ಪೆಟ್ರೋಲ್ ಕೊಡುತ್ತದೆ. ಆಗ ಮಿಶ್ರಣ ತುಸು ಲೀನ್ (ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ) ಆಗಬಹುದು. ಇದಕ್ಕೆ 20% ಎಥನಾಲ್ ಬೆರೆಸಿದ ಇ20 ಪೆಟ್ರೋಲನ್ನೂ ಸೇರಿಸಿ ಯೋಚಿಸಿ. ಎಥನಾಲ್‌ನಲ್ಲೇ ಆಮ್ಲಜನಕ ಇರುವುದರಿಂದ ಅಷ್ಟೇ ಗಾಳಿಗೆ ಸ್ವಲ್ಪ ಜಾಸ್ತಿ ಇಂಧನ ಬೇಕಾಗುತ್ತದೆ. ಅಂದರೆ ಅದೂ ಲೀನ್ ಕಡೆಗೇ ತಳ್ಳುತ್ತದೆ. ಸೈಲೆನ್ಸರ್ ಜೊತೆಗೆ ಏರ್ ಫಿಲ್ಟರ್ ಬದಲಿಸಿ, ಏರ್ ಬಾಕ್ಸ್‌ಗೂ ತೂತು ಕೊರೆದರೆ ಮೂರೂ ಸೇರಿ ಇಂಜಿನ್ ಬಿಸಿ ಏರುತ್ತದೆ. ಏರ್ ಫಿಲ್ಟರ್ ಮುಟ್ಟಬೇಡಿ. ಇದು ನನ್ನ ಖಡಾಖಂಡಿತ ಮಾತು.

ಕ್ಯಾಟ್‌ಕಾನ್ (ಕ್ಯಾಟಲಿಟಿಕ್ ಕನ್ವರ್ಟರ್) ವಿಷಯದಲ್ಲೂ ಅಷ್ಟೇ. ಅದು ಜೇನುಗೂಡಿನಂಥ ಪದರ. ಅದರ ಮೇಲೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪ. ಕಾರ್ಬನ್ ಮಾನಾಕ್ಸೈಡ್, ಸುಡದ ಪೆಟ್ರೋಲ್ ಆವಿ, ನೈಟ್ರೋಜನ್ ಆಕ್ಸೈಡ್‌ಗಳನ್ನು ಅದು ತಗ್ಗಿಸುತ್ತದೆ. 2020ರ ಏಪ್ರಿಲ್ 1ರಿಂದ ಬಂದ ಬಿಎಸ್6 ಹೊಗೆ ಮಿತಿಯ ನಿಯಮ ಪಾಲಿಸುವುದರಲ್ಲಿ ಅದರ ಪಾಲು ದೊಡ್ಡದು. ಗಾಡಿಯಿಂದ ಗಾಡಿಗೆ ಅದರ ಜಾಗ ಬೇರೆ. ಕೆಲವದರಲ್ಲಿ ಬೆಂಡ್ ಪೈಪಿನಲ್ಲೇ ಉಬ್ಬಿದ ಭಾಗವಾಗಿ ಕಾಣುತ್ತದೆ, ಕೆಲವದರಲ್ಲಿ ಸೈಲೆನ್ಸರಿನ ಮುಂಭಾಗದ ಒಳಗೇ ಇರುತ್ತದೆ. ಸೈಲೆನ್ಸರ್ ಬಿಚ್ಚಿದಾಗ ಎರಡೂ ಕಡೆ ಟಾರ್ಚ್ ಹಾಕಿ ನೋಡಿ. ಬಲೆಯಂಥದ್ದು ಯಾವ ಕಡೆ ಕಾಣುತ್ತದೋ ಆ ಭಾಗವನ್ನು ಗಾಡಿಯಿಂದ ತೆಗೆಯಬಾರದು. "ಫುಲ್ ಸಿಸ್ಟಂ" ಎಂದು ಬೆಂಡ್ ಪೈಪ್ ಸಮೇತ ಮಾರುವವರು ಇದರ ಬಗ್ಗೆ ಬಾಯಿ ಬಿಡುವುದಿಲ್ಲ. ಕ್ಯಾಟ್‌ಕಾನ್ ಇಲ್ಲದ ಗಾಡಿಯ ಹಿಂದೆ ಸಿಗ್ನಲ್‌ನಲ್ಲಿ ಎರಡು ನಿಮಿಷ ನಿಂತರೆ ಕಣ್ಣು ಉರಿಯುತ್ತದೆ. ಆ ಹೊಗೆ ಕುಡಿಯುವವರು ನಮ್ಮ ಊರಿನವರೇ.

ಇನ್ನು ಕಾನೂನು. ಇಲ್ಲಿ ಸಿಹಿ ಮಾತು ಹೇಳುವುದಿಲ್ಲ. ಕಂಪನಿ ಅನುಮೋದನೆ ಪಡೆದದ್ದಲ್ಲದೆ ಬೇರೆ ಸೈಲೆನ್ಸರ್ ಹಾಕಿ ರಸ್ತೆಗೆ ಇಳಿದರೆ ಅದು ಕಾನೂನಿಗೆ ವಿರುದ್ಧ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಗಾಡಿಯನ್ನು ಕಂಪನಿಯ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಬದಲಿಸುವುದನ್ನು ತಡೆಯುತ್ತದೆ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಇದನ್ನೇ ಎತ್ತಿಹಿಡಿಯಿತು. 2019ರ ತಿದ್ದುಪಡಿಯ ಬಳಿಕ 182ಎ(4) ಪ್ರಕಾರ ಇಂಥ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಅಥವಾ 6 ತಿಂಗಳವರೆಗೆ ಜೈಲು, ಅಥವಾ ಎರಡೂ. ಶಬ್ದ ಮತ್ತು ಹೊಗೆ ನಿಯಮ ಮುರಿದರೆ 190(2) ಬರುತ್ತದೆ. ಮೊದಲ ಸಲಕ್ಕೆ 10,000 ರೂಪಾಯಿವರೆಗೆ ದಂಡ, ಅಥವಾ 3 ತಿಂಗಳವರೆಗೆ ಜೈಲು, ಅಥವಾ ಎರಡೂ, ಜೊತೆಗೆ 3 ತಿಂಗಳು ಲೈಸೆನ್ಸ್ ಅನರ್ಹ. ಸ್ಥಳದಲ್ಲಿ ಕಟ್ಟಿಸಿಕೊಳ್ಳುವ ದಂಡ ಇದಕ್ಕಿಂತ ಕಡಿಮೆ ಇರಬಹುದು, ಆದರೆ ಸೈಲೆನ್ಸರ್ ನಿಮ್ಮ ಕೈಗೆ ವಾಪಸ್ ಬರುವುದು ಅನುಮಾನ. ವಶಪಡಿಸಿಕೊಂಡ ಸೈಲೆನ್ಸರುಗಳನ್ನು ರಸ್ತೆ ಮೇಲೆ ಸಾಲಾಗಿ ಜೋಡಿಸಿ ರೋಡ್ ರೋಲರ್ ಹರಿಸುವ ದೃಶ್ಯವನ್ನು ನೀವೂ ಸುದ್ದಿಯಲ್ಲಿ ನೋಡಿರುತ್ತೀರಿ.

"ಮೊಬೈಲ್ ಆ್ಯಪ್‌ನಲ್ಲಿ ಅಳೆದೆ, 80 ಡೆಸಿಬಲ್ ಒಳಗಿದೆ" ಎಂದು ವಾದಿಸುವವರಿದ್ದಾರೆ. 175 ಸಿಸಿಗಿಂತ ದೊಡ್ಡ ಬೈಕಿಗೆ 80 ಡೆಸಿಬಲ್ ಮಿತಿ ಇರುವುದು ನಿಜ. ಆದರೆ ಅದನ್ನು ಅಳೆಯುವುದು ತಯಾರಿಕೆಯ ಹಂತದಲ್ಲಿ. 7.5 ಮೀಟರ್ ದೂರದಲ್ಲಿ ಮೈಕ್ ಇಟ್ಟು, ಗಾಡಿ ಪೂರ್ತಿ ಥ್ರಾಟಲ್‌ನಲ್ಲಿ ಹಾದುಹೋಗುವಾಗ ಅಳೆಯುತ್ತಾರೆ. ನಿಂತ ಗಾಡಿಯ ಐಡ್ಲಿಂಗ್‌ಗೆ ಫೋನ್ ಹಿಡಿದರೆ ಅದು ಲೆಕ್ಕಕ್ಕೆ ಬರುವುದಿಲ್ಲ. ಹೊರದೇಶದ ಸೈಲೆನ್ಸರ್ ಮೇಲೆ ಇರುವ ವೃತ್ತದೊಳಗಿನ 'ಇ' ಗುರುತೂ ಹಾಗೇ. ಅದು ಯುರೋಪಿನ ನಿಯಮದ ಒಪ್ಪಿಗೆ, ಅದೂ ಅಲ್ಲಿ ಹೆಸರಿಸಿದ ಗಾಡಿ ಮಾದರಿಗೆ ಮಾತ್ರ. ಆದರೂ ಆ ಗುರುತಿದ್ದರೆ ಸೈಲೆನ್ಸರನ್ನು ಯಾರೋ ಅಳೆದು ನೋಡಿದ್ದಾರೆ ಎಂದಾದರೂ ತಿಳಿಯುತ್ತದೆ.

ಹಾಗಾಗಿ ನನ್ನ ಸಲಹೆ ಇದು. ಮೊದಲು ಶೋರೂಮಿನ ಆಕ್ಸೆಸರಿ ಕೌಂಟರಿನಲ್ಲಿ, ನಿಮ್ಮ ಗಾಡಿಯ ಮಾದರಿ ಮತ್ತು ವರ್ಷ ಹೇಳಿ, ರಸ್ತೆಗೆ ಅನುಮೋದನೆ ಇರುವ ಸೈಲೆನ್ಸರ್ ಇದೆಯೇ ಎಂದು ಕೇಳಿ. ಇದ್ದರೆ ಅದನ್ನೇ ತಗೊಳ್ಳಿ, ಬಿಲ್ ಜೊತೆಯಲ್ಲಿರಲಿ. ವಾರಂಟಿಗೂ ತಕರಾರು ಬರುವುದಿಲ್ಲ. ಸದ್ದಿನಲ್ಲಿ ವ್ಯತ್ಯಾಸ ಸಣ್ಣದು, ಆದರೆ ಹೊರಗಿನ ಮಾಲಿಗಿಂತ ಹದವಾಗಿರುತ್ತದೆ. ಇಲ್ಲದಿದ್ದರೆ ಕಂಪನಿ ಸೈಲೆನ್ಸರನ್ನೇ ಇಟ್ಟುಕೊಳ್ಳಿ ಎಂದೇ ಹೇಳುತ್ತೇನೆ. ದಿನಾ ಊರೊಳಗೆ ಆಸ್ಪತ್ರೆ, ಶಾಲೆ ಮುಂದೆ ಓಡಾಡುವ ಗಾಡಿ ನಿಮ್ಮದು. ಅವುಗಳ ಸುತ್ತ 100 ಮೀಟರ್ ನಿಶ್ಶಬ್ದ ವಲಯ. ಇಷ್ಟು ತಿಳಿದ ಮೇಲೂ ರೇಸ್ ಟ್ರ್ಯಾಕಿಗೋ ಖಾಸಗಿ ಜಾಗಕ್ಕೋ ಎಂದು ಹೊರಗಿನದನ್ನು ಕೊಳ್ಳುವವರು ನಾನು ಮೇಲೆ ಹೇಳಿದ ಉದ್ದ, ಗ್ಲಾಸ್ ವುಲ್, ಡಿಬಿ ಕಿಲ್ಲರ್ ಮೂರನ್ನೂ ನೋಡಿ ಕೊಳ್ಳಲಿ. ಸೈಲೆನ್ಸರಿನ ಬಾಯಿಗೆ ಕಣ್ಣಿಟ್ಟು ನೋಡಿದರೆ ತೂತಿನ ಪೈಪು, ಅದರಾಚೆ ಬಿಳಿಯ ವುಲ್ ಕಾಣಬೇಕು.

ಫಿಟ್ಟಿಂಗ್ ವಿಷಯಕ್ಕೆ ಬರೋಣ. ಕಂಪನಿ ಆಕ್ಸೆಸರಿ ಆಗಲಿ, ಹೊರಗಿನದಾಗಲಿ, ಕೆಲಸ ಒಂದೇ. ಸ್ಪ್ಯಾನರ್ ಹಿಡಿದು ಅಭ್ಯಾಸ ಇದ್ದರೆ ನೀವೇ ಮಾಡಬಹುದು. ಆದರೆ ಅರ್ಧ ಗಂಟೆಯ ಕೆಲಸ ಅಂದುಕೊಳ್ಳಬೇಡಿ, ಒಂದು ಬೆಳಗ್ಗೆ ಬಿಡುವು ಮಾಡಿಕೊಳ್ಳಿ. ಇಂಜಿನ್ ಪೂರ್ತಿ ತಣ್ಣಗಿರಬೇಕು. ಹಿಂದಿನ ರಾತ್ರಿಯೇ ಕ್ಲಾಂಪಿನ ಬೋಲ್ಟಿಗೆ, ಜಾಯಿಂಟಿಗೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಿ. ಸಿಲಿಂಡರ್ ಹೆಡ್‌ನಲ್ಲಿರುವ ಎಕ್ಸಾಸ್ಟ್ ಸ್ಟಡ್‌ಗಳ ತಂಟೆಗೆ ಹೋಗಬೇಡಿ. ಸೈಲೆನ್ಸರ್ ಮಾತ್ರ ಬದಲಿಸಲು ಅವನ್ನು ಬಿಚ್ಚುವ ಅಗತ್ಯವೇ ಇಲ್ಲ. ಬಿಸಿ, ತುಕ್ಕು ತಿಂದ ಸ್ಟಡ್ ಮುರಿದರೆ ಹೆಡ್ ಬಿಚ್ಚಿ ಲೇತ್‌ಗೆ ಒಯ್ಯುವವರೆಗೂ ಕೆಲಸ ಬೆಳೆಯಬಹುದು.

ಕ್ಲಾಂಪ್ ಸಡಿಲಿಸಿ, ಹಿಂದಿನ ಬ್ರಾಕೆಟ್ಟಿನ ಬೋಲ್ಟ್ ತೆಗೆಯುವಾಗ ಸೈಲೆನ್ಸರಿನ ಕೆಳಗೆ ಕೈಯೋ ಇಟ್ಟಿಗೆಯೋ ಇರಲಿ. ಕಂಪನಿ ಸೈಲೆನ್ಸರ್ ಸಾಕಷ್ಟು ಭಾರ. ಅದು ನೇತಾಡಿದರೆ ಬೆಂಡ್ ಪೈಪ್ ಮೇಲೆ ಹೊರೆ ಬೀಳುತ್ತದೆ. ಬರಲಿಲ್ಲ ಎಂದು ಸುತ್ತಿಗೆ ಹೊಡೆಯಬೇಡಿ, ಎಡಕ್ಕೂ ಬಲಕ್ಕೂ ಸ್ವಲ್ಪ ಸ್ವಲ್ಪ ತಿರುಗಿಸುತ್ತಾ ಹಿಂದಕ್ಕೆ ಎಳೆಯಿರಿ. ಜಾಯಿಂಟಿನಲ್ಲಿದ್ದ ಹಳೇ ಗ್ಯಾಸ್ಕೆಟ್ ಎಸೆದುಬಿಡಿ. ಅದು ಒಮ್ಮೆ ಅದುಮಿ ಕೂತ ಮೇಲೆ ಇನ್ನೊಮ್ಮೆ ಸರಿಯಾಗಿ ಕೂರುವುದಿಲ್ಲ. ಹೊಸದನ್ನು ಮೊದಲೇ ತಂದಿಟ್ಟುಕೊಂಡಿರಿ. ಗ್ಯಾಸ್ಕೆಟ್ ಬದಲು ಸಿಲಿಕಾನ್ ಪೇಸ್ಟ್ ಬಳಿಯುವ ಅಭ್ಯಾಸ ಎಷ್ಟೋ ಗ್ಯಾರೇಜುಗಳಲ್ಲಿದೆ. ಕೆಲವು ಸಿಲಿಕಾನ್ ಪೇಸ್ಟ್‌ಗಳ ಆವಿ ಆಕ್ಸಿಜನ್ ಸೆನ್ಸರನ್ನೇ ಕೆಡಿಸುತ್ತದೆ. ಅದನ್ನು ಬಳಿಯಲು ಬಿಡಬೇಡಿ.

ಹೊಸ ಸೈಲೆನ್ಸರ್ ಕೂರಿಸುವಾಗ ಎಲ್ಲ ಬೋಲ್ಟನ್ನೂ ಮೊದಲು ಕೈಯಲ್ಲೇ ಹಿಡಿಸಿ. ಒಂದನ್ನೂ ಬಿಗಿ ಮಾಡಬೇಡಿ. ಸೈಲೆನ್ಸರ್ ತಾನಾಗಿ ತನ್ನ ಜಾಗದಲ್ಲಿ ನಿಲ್ಲಬೇಕು. ಬ್ರಾಕೆಟ್ಟಿನ ತೂತಿಗೂ ಸೈಲೆನ್ಸರಿನ ತೂತಿಗೂ ಕಾಲಿಂಚು ವ್ಯತ್ಯಾಸ ಇದ್ದರೆ ಎಳೆದು ತಂದು ಬೋಲ್ಟ್ ಹಾಕುವುದೇ ಎಲ್ಲರೂ ಮಾಡುವ ಕೆಲಸ. ಆಗ ಆ ಸೆಳೆತ ವೆಲ್ಡಿಂಗ್ ಮೇಲೆ ಸದಾ ಇರುತ್ತದೆ. ಬಿಸಿಯಾಗಿ ತಣ್ಣಗಾಗಿ, ರಸ್ತೆಯ ಹಳ್ಳಕ್ಕೆ ಕುಲುಕಿ, ಒಂದು ದಿನ ಬ್ರಾಕೆಟ್ ಬುಡದಲ್ಲೇ ಬಿರುಕು ಬಿಡುತ್ತದೆ. ವ್ಯತ್ಯಾಸ ಇದ್ದರೆ ವಾಷರ್ ಹಾಕಿ ಸರಿದೂಗಿಸಿ, ಅದೂ ಆಗದಿದ್ದರೆ ಅಂಗಡಿಗೆ ವಾಪಸ್ ಕೊಡಿ. ಎಲ್ಲ ಸಲೀಸಾಗಿ ಕೂತ ಮೇಲೆ ಇಂಜಿನ್ ಕಡೆಯ ಕ್ಲಾಂಪ್ ಮೊದಲು, ಹಿಂದಿನ ಬ್ರಾಕೆಟ್ ಕೊನೆಗೆ ಬಿಗಿ ಮಾಡಿ. ಎಷ್ಟು ಬಿಗಿ ಎಂಬುದು ಸರ್ವಿಸ್ ಮ್ಯಾನ್ಯುಯಲ್‌ನಲ್ಲಿದೆ, ಟಾರ್ಕ್ ರೆಂಚ್ ಇದ್ದರೆ ಒಳ್ಳೆಯದು.

ಈಗ ಅಂತರ ನೋಡಿ. ಹಿಂದಿನ ಚಕ್ರದ ಆ್ಯಕ್ಸಲ್ ನಟ್‌ಗೆ ಸ್ಪ್ಯಾನರ್ ಹೋಗುತ್ತದೆಯೇ? ಘಾಟ್ ಮಧ್ಯೆ ಪಂಕ್ಚರ್ ಆದಾಗ ಸೈಲೆನ್ಸರ್ ಬಿಚ್ಚದೆ ಚಕ್ರ ತೆಗೆಯಲಾಗದು ಎಂದು ಗೊತ್ತಾದರೆ ಬಹಳ ಕಷ್ಟ. ಹಿಂದಿನ ಚಕ್ರ ಹಿಡಿದಿರುವ ಸ್ವಿಂಗ್ ಆರ್ಮ್ ಪೂರ್ತಿ ಮೇಲೆ ಬಂದಾಗ ತಾಗುವುದಿಲ್ಲ ತಾನೇ? ಹಿಂದೆ ಒಬ್ಬರನ್ನು ಕೂರಿಸಿ, ಕುಲುಕಿ ನೋಡಿ. ಇನ್ನು ಸೆಂಟರ್ ಸ್ಟ್ಯಾಂಡ್. ಕೆಲವು ಗಾಡಿಗಳಲ್ಲಿ ಮಡಚಿದ ಸ್ಟ್ಯಾಂಡ್ ಬಂದು ತಾಗುವ ರಬ್ಬರ್ ಸೈಲೆನ್ಸರಿನಲ್ಲೇ ಇರುತ್ತದೆ. ಹೊಸದರಲ್ಲಿ ಅದಿಲ್ಲದಿದ್ದರೆ ಸ್ಟ್ಯಾಂಡ್ ಇನ್ನೂ ಮೇಲೆ ಹೋಗಿ ಬೇರೆ ಯಾವುದಕ್ಕೋ ಬಡಿಯುತ್ತದೆ. ಬಿಚ್ಚುವ ಮೊದಲೇ ಬಗ್ಗಿ, ನಿಮ್ಮದರಲ್ಲಿ ಎಲ್ಲಿ ತಾಗುತ್ತದೆ ಎಂದು ನೋಡಿಟ್ಟುಕೊಳ್ಳಿ.

ಸ್ಟಾರ್ಟ್ ಮಾಡುವ ಮುನ್ನ ಸ್ಪಿರಿಟ್ ಹಚ್ಚಿದ ಬಟ್ಟೆಯಿಂದ ಇಡೀ ಸೈಲೆನ್ಸರ್ ಒರೆಸಿ. ಬೆರಳಿನ ಜಿಡ್ಡು ಮೊದಲ ಬಿಸಿಗೇ ಸುಟ್ಟು ಕಲೆಯಾಗುತ್ತದೆ, ಆಮೇಲೆ ಹೋಗುವುದಿಲ್ಲ. ಸ್ಟಾರ್ಟ್ ಮಾಡಿದ ಕೂಡಲೇ, ಇನ್ನೂ ತಣ್ಣಗಿರುವಾಗ, ದಪ್ಪ ಬಟ್ಟೆಯ ಮುದ್ದೆಯಿಂದ ಸೈಲೆನ್ಸರ್ ಬಾಯನ್ನು ಒಂದು ಕ್ಷಣ ಅರ್ಧ ಮುಚ್ಚಿ. ಜಾಯಿಂಟಿನಲ್ಲಿ 'ಟುಸ್ ಟುಸ್' ಕೇಳಿದರೆ ಸೋರಿಕೆ ಇದೆ. ಗಾಡಿ ಬಯಲಲ್ಲಿರಲಿ, ಮುಚ್ಚಿದ ಶೆಡ್‌ನಲ್ಲಿ ಈ ಪರೀಕ್ಷೆ ಬೇಡ. ಸುಮಾರು 100 ಕಿ.ಮೀ. ಓಡಿದ ಮೇಲೆ ತಣ್ಣಗಾದಾಗ ಎಲ್ಲ ಬೋಲ್ಟನ್ನೂ ಇನ್ನೊಮ್ಮೆ ಬಿಗಿ ನೋಡಿ. ಡಿಬಿ ಕಿಲ್ಲರಿನ ಸಣ್ಣ ಬೋಲ್ಟನ್ನು ಮರೆಯಬೇಡಿ, ನಡುಕಕ್ಕೆ ಸಡಿಲವಾಗುವುದರಲ್ಲಿ ಅದೇ ಮೊದಲು.

ನಿಮ್ಮ ದಿನದ 4 ಕಿ.ಮೀ. ಓಡಾಟದ ಬಗ್ಗೆ ಒಂದು ಮಾತು. ಒಂದು ಲೀಟರ್ ಪೆಟ್ರೋಲ್ ಸುಟ್ಟರೆ ಹತ್ತಿರ ಹತ್ತಿರ ಒಂದು ಲೀಟರ್ ನೀರು ಆವಿಯಾಗಿ ಹೊರಬರುತ್ತದೆ. ದೂರ ಹೋದರೆ ಸೈಲೆನ್ಸರ್ ಕಾದು ಅದೆಲ್ಲ ಹೊರಹೋಗುತ್ತದೆ. 4 ಕಿ.ಮೀ.ಗೆ ಸೈಲೆನ್ಸರ್ ಸರಿಯಾಗಿ ಕಾಯುವುದೇ ಇಲ್ಲ, ನೀರು ಒಳಗೇ ನಿಲ್ಲುತ್ತದೆ. ಅದಕ್ಕೇ ಎಷ್ಟೋ ಸೈಲೆನ್ಸರುಗಳ ತಳದಲ್ಲಿ ಸಣ್ಣ ತೂತು ಇಟ್ಟಿರುತ್ತಾರೆ. ಅದನ್ನು ನೋಡಿ "ತೂತಾಗಿದೆ" ಎಂದು ವೆಲ್ಡಿಂಗ್ ಮಾಡಿಸಿದವರನ್ನೂ ಕಂಡಿದ್ದೇನೆ. ಮುಚ್ಚಬೇಡಿ. ಹೊರಗಿನ ಸೈಲೆನ್ಸರಿನಲ್ಲಿ ಆ ತೂತು ಇಲ್ಲದಿದ್ದರೆ ನೀರು ಕುಡಿದ ಗ್ಲಾಸ್ ವುಲ್ ಬೇಗ ಹಾಳಾಗುತ್ತದೆ. ಸಿಂಗಲ್ ಸಿಲಿಂಡರಿನ ಹೊಡೆತಕ್ಕೆ ವುಲ್ ಹೇಗೂ ಚೂರುಚೂರಾಗಿ ಹೊರಬರುತ್ತಿರುತ್ತದೆ. ಹಾಕಿಸಿದ ಹೊಸತರಲ್ಲಿ ಹದವಾಗಿದ್ದ ಸದ್ದು ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಕಿವಿ ಕೊರೆಯುವುದು ಇದರಿಂದಲೇ. ವುಲ್ ಬದಲಿಸಲು ಬರುವಂತೆ ರಿವೆಟ್ ಅಥವಾ ಬೋಲ್ಟ್ ಇರುವ ಮುಚ್ಚಳ ಇದ್ದರೆ ಸರಿ, ಸುತ್ತಲೂ ವೆಲ್ಡ್ ಆಗಿದ್ದರೆ ಎಸೆಯುವುದೇ. ಮಲೆನಾಡಿನ ಮಳೆಗೆ ಕ್ರೋಮ್ ಹಚ್ಚಿದ ಸಾಧಾರಣ ಕಬ್ಬಿಣಕ್ಕಿಂತ 304 ದರ್ಜೆಯ ಸ್ಟೀಲ್ ಬಾಳಿಕೆ ಜಾಸ್ತಿ.

ಕಂಪನಿ ಸೈಲೆನ್ಸರನ್ನು ಯಾವ ಕಾರಣಕ್ಕೂ ಅಂಗಡಿಯವರಿಗೆ ಎಕ್ಸ್‌ಚೇಂಜ್ ಕೊಡಬೇಡಿ. ಒಳಗಿನ ನೀರು ಬಸಿದು, ಒಣಗಿಸಿ, ಹೊರಗೆ ಸ್ವಲ್ಪ ಎಣ್ಣೆ ಸವರಿ, ಎರಡೂ ಬಾಯಿಗೆ ಬಟ್ಟೆ ತುರುಕಿ ಅಟ್ಟದ ಮೇಲಿಡಿ. ಬಟ್ಟೆ ತುರುಕದಿದ್ದರೆ ಇಲಿ, ಕಣಜ ಗೂಡು ಕಟ್ಟುತ್ತವೆ. ವಾರಂಟಿ ಕ್ಲೇಮ್, ಗಾಡಿ ಮಾರಾಟ, ಆರ್‌ಟಿಒ ತಪಾಸಣೆ, ಎಲ್ಲಕ್ಕೂ ಅದೇ ಬೇಕು.

ಶೋರೂಮಿನಲ್ಲಿ ವಿಚಾರಿಸಿದ ಮೇಲೆ, ದುಡ್ಡು ಕೊಡುವ ಮೊದಲು, ನನಗೆ ಮೂರು ಫೋಟೋ ಕಳಿಸಿ. ಬೆಂಡ್ ಪೈಪ್ ಮತ್ತು ಸೈಲೆನ್ಸರ್ ಸೇರುವ ಜಾಯಿಂಟಿನದು, ಆಕ್ಸಿಜನ್ ಸೆನ್ಸರ್ ಇರುವ ಜಾಗದ್ದು, ಸ್ಟ್ಯಾಂಡ್ ಮಡಚಿದಾಗ ಕೆಳಗಿನಿಂದ ತೆಗೆದದ್ದು. ಹೊಸ ಸೈಲೆನ್ಸರಿನ ಬಾಯಿಯ ಒಳ ಅಳತೆಯನ್ನೂ ಬರೆಯಿರಿ. ಕೂರುತ್ತದೋ ಇಲ್ಲವೋ ನೋಡಿ ಹೇಳುತ್ತೇನೆ.